ಕಾನೂನು ಕಂಡ ಕೈ, ಕಾಣದ ಪ್ರಮಾದ

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆಗಳಲ್ಲಿ ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳು ಹಗಲಿರುಳೂ ಸಾಗುತ್ತವೆ. ಅವುಗಳ ಮಗ್ಗುಲಲ್ಲೇ ಮೊಬೈಲನ್ನು ಹೆಗಲು-ಕಿವಿಗಳ ನಡುವೆ ಸಿಕ್ಕಿಸಿಕೊಂಡು ಬೈಕು ಓಡಿಸುವವರ ನೋಟ ಅಪರೂಪವಲ್ಲ. ಇದನ್ನು ತಡೆಯಲು ಹೊರಟ ಕಾನೂನು ಎಲ್ಲಿಯವರೆಗೆ ನಡೆದು ಎಲ್ಲಿ ನಿಂತಿದೆ ಎಂಬುದು ವಿಚಾರಾರ್ಹ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಚಾಲನೆಯ ವೇಳೆ ಬಳಸುವುದನ್ನು ಅಪಾಯಕಾರಿ ಚಾಲನೆಯೊಳಗೆ ಸೇರಿಸಿತು. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮವು ದಾರಿ ತಿಳಿಯಲು ಮಾತ್ರ, ಅದೂ ಏಕಾಗ್ರತೆ ಕೆಡದಂತೆ, ವಿನಾಯಿತಿ ನೀಡಿತು. ಈ ಕಲಮಿನ ಒಂದು ಗುಣ ಮೆಚ್ಚತಕ್ಕದ್ದು. ಯಾರಿಗೂ ಪೆಟ್ಟಾಗದಿದ್ದರೂ ಅಪರಾಧವು ಅಪರಾಧವೇ ಎಂದು ಅದು ಹೇಳುತ್ತದೆ. ತತ್ತ್ವಾರ್ಥಸೂತ್ರದ ವ್ಯಾಖ್ಯಾನಕಾರರ ಅಭಿಪ್ರಾಯವೂ ಇದೇ: ಜೀವಿ ಸಾಯದಿದ್ದರೂ ಪ್ರಮತ್ತನಾಗಿ ನಡೆದವನಿಗೆ ಹಿಂಸಾದೋಷ ತಪ್ಪದು.

ಆದರೆ ಕಾನೂನಿನ ಕಣ್ಣು ಕೈಯಲ್ಲಿಯೇ ನಿಂತಿದೆ, ಪ್ರಮಾದವಿರುವುದು ಮನಸ್ಸಿನಲ್ಲಿ. ಫೋನ್ ಬಳಸುವ ಚಾಲಕನಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದೂ, ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಹೆಚ್ಚಿನ ಸುರಕ್ಷತೆಯಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಈರ್ಯಾಸಮಿತಿ ನಡೆಯುವವನಿಗೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡೆನ್ನುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡೇ ಸೆಕೆಂಡು ತೆರೆಯತ್ತ ಕಣ್ಣು ಹಾಯಿಸಿದವನು 33 ಮೀಟರು, ಅಂದರೆ ಎಪ್ಪತ್ತಕ್ಕೂ ಹೆಚ್ಚು ಮೊಳ, ಕುರುಡನಂತೆ ಕ್ರಮಿಸಿರುತ್ತಾನೆ.

ಇನ್ನೊಂದು ಕೊರತೆ, ಈ ಕಲಮು ವಾಹನ ಓಡಿಸುವವನನ್ನಷ್ಟೇ ಹಿಡಿಯುತ್ತದೆ. ಗೋಕಾಕ ಜಲಪಾತದ ಸುಮಾರು 170 ಅಡಿ ಆಳದ ಅಂಚಿನಲ್ಲಿ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವವನನ್ನು ಈ ಕಲಮು ಮುಟ್ಟದು. 2021ರ ಅಕ್ಟೋಬರಿನಲ್ಲಿ ಹಾಗೆ ಜಾರಿ ಬಿದ್ದ ಯುವಕನೊಬ್ಬ ಬದುಕಿ ಬಂದುದು ಅದೃಷ್ಟ. ಅದೃಷ್ಟವನ್ನು ನೆಚ್ಚಿ ಅಂಚಿನಲ್ಲಿ ನಿಲ್ಲುವುದು ವಿವೇಕವಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಕರೆ ಮಾಡುವವನ ವಿಷಯದಲ್ಲಿದೆ. ಲಾರಿ ಚಾಲಕನಿಗೆ “ಮಾಲು ಎಲ್ಲಿಗೆ ಬಂತು?” ಎಂದು ಗಳಿಗೆಗೊಮ್ಮೆ ಕೇಳುವ ವ್ಯಾಪಾರಿ, ಯಾತ್ರೆಯ ಬಸ್ಸಿನ ಚಾಲಕನನ್ನು ದಾರಿಯುದ್ದಕ್ಕೂ ವಿಚಾರಿಸುವ ಟ್ರಸ್ಟಿನ ಪದಾಧಿಕಾರಿ, ಇವರನ್ನು ಈ ಕಲಮು ಹೆಸರಿಸುವುದಿಲ್ಲ. ಕೃತ, ಕಾರಿತ, ಅನುಮೋದಿತಗಳೆಂಬ ಮೂರನ್ನೂ ಎಣಿಸುವ ಧರ್ಮಶಾಸ್ತ್ರದ ಮುಂದೆ ಇವರು ನಿರ್ದೋಷಿಗಳಲ್ಲ. ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆಯಿಂದಲೇ ಅಂತಹ ಕರೆ ಹೋದರೆ, ಅಡುಗೆಮನೆಯ ಅಹಿಂಸೆ ಹೆದ್ದಾರಿಯನ್ನು ತಲುಪಲಿಲ್ಲವೆಂದೇ ಅರ್ಥ.

ಕಾನೂನನ್ನು ತಿದ್ದುವುದು ಸಂಸತ್ತಿನ ಕೆಲಸ. ಕರೆಯನ್ನು ತಿದ್ದುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲ ಮಾತೇ “ಗಾಡಿ ಓಡಸಾಕತ್ತೀರೇನು?” ಎಂದಿರಲಿ, ಹೌದೆಂದರೆ ಆ ಕ್ಷಣವೇ ಕರೆ ಮುಗಿಯಲಿ. ಚಾಲಕನು ತಾಸಿಗೊಮ್ಮೆ ಗಾಡಿ ನಿಲ್ಲಿಸಿ ತಾನೇ ಸುದ್ದಿ ಹೇಳಲೆಂಬ ಕರಾರನ್ನು ಬಾಡಿಗೆ ಮಾತಾಡುವಾಗಲೇ ಮಾಡಿಕೊಳ್ಳಬಹುದು. ಮಾಲು ಅರ್ಧ ತಾಸು ತಡವಾಗಬಹುದು. ಅಷ್ಟು ತಡವನ್ನು ಯಾವ ಪೇಢಿಯೂ ತಾಳಿಕೊಳ್ಳಬಲ್ಲದು.