ತಗ್ಗಿದ ಗಾಡಿ, ಹಿಂದಿನ ಸೀಟಿನ ತೀರ್ಪು

ಕಾರನ್ನು ನೆಲಕ್ಕೆ ಇಳಿಸೋ ಶೋಕಿ ಬೆಂಗಳೂರಿಗೆ ಹೊಸದೇನಲ್ಲ. ಕಂಪನಿ ಕೊಟ್ಟ ಸ್ಪ್ರಿಂಗು, ಶಾಕ್ಸು ಬಿಚ್ಚಿ ಹೊರಗಿಂದ ತಂದ ಗಿಡ್ಡ ಸ್ಪ್ರಿಂಗು ಹಾಕಿಸೋದು; ಟಯರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುತ್ತಿದ್ದ ಕಡೆ ಎರಡೇ ತೂರುವ ಹಾಗೆ ಮಾಡೋದು. ನಮ್ಮ ಆಫೀಸಿನ ಪಾರ್ಕಿಂಗಿನಲ್ಲೇ ಇಂಥವು ಮೂರಿವೆ. ನೋಡೋಕೆ ಚಂದ ಅನ್ನೋದನ್ನ ಮೊದಲೇ ಒಪ್ಪಿಬಿಡ್ತೀನಿ. ಓಟಕ್ಕೆ ಮುಂಚೆ ಮೈ ಬಗ್ಗಿಸಿದ ಹುಡುಗನ ಹಾಗೆ, ನಿಂತಲ್ಲೇ ವೇಗ ಕಾಣುತ್ತೆ. ಆದರೆ ಚಂದದ ಜೊತೆಗೆ "ಹ್ಯಾಂಡ್ಲಿಂಗ್ ಸೂಪರ್ ಆಗುತ್ತೆ ಗುರೂ" ಅಂತ ಇನ್ನೊಂದು ಮಾತು ಸೇರಿಸ್ತಾರಲ್ಲ, ನನ್ನ ತಕರಾರು ಇರೋದು ಅಲ್ಲಿ.

ಲೆಕ್ಕ ಹಾಕೋಣ. ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ಭಾರ ಸರಿಯುತ್ತೆ ಅನ್ನೋದು ಗಾಡಿಯ ಗುರುತ್ವ ಕೇಂದ್ರದ ಎತ್ತರವನ್ನು ಅವಲಂಬಿಸಿದೆ. ಚಿಕ್ಕ ಕಾರಿನಲ್ಲಿ ಅದು ನೆಲದಿಂದ 550 ಮಿ.ಮೀ. ಮೇಲಿದೆ ಅಂತಿಟ್ಕೊಳ್ಳಿ. 30 ಮಿ.ಮೀ. ಇಳಿಸಿದರೆ ಸಿಗೋ ಲಾಭ ಶೇಕಡಾ 5ಕ್ಕಿಂತ ಚೂರು ಹೆಚ್ಚು, ಅಷ್ಟೇ. ಹಾಗಾದ್ರೆ ಗಾಡಿ ರಸ್ತೆ ಕಚ್ಚಿಕೊಂಡ ಹಾಗೆ ಅನ್ನಿಸೋದು ಸುಳ್ಳಾ? ಸುಳ್ಳಲ್ಲ. ಆದರೆ ಅದರಲ್ಲಿ ಹೆಚ್ಚಿನ ಪಾಲು ಸ್ಪ್ರಿಂಗು ಬಿರುಸಾಗಿದ್ದರಿಂದ ಬಂದದ್ದು, ಎತ್ತರ ಇಳಿದದ್ದರಿಂದಲ್ಲ.

ಇನ್ನೊಂದು ಗುಟ್ಟಿದೆ. ಸ್ವಿಫ್ಟ್‌ನಂಥ ಕಾರುಗಳ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಬಾಡಿ ಇಳಿದಾಗ ಲೋವರ್ ಆರ್ಮ್‌ನ ಒಳತುದಿಯೂ ಇಳಿಯುತ್ತೆ, ಚಕ್ರದ ಕಡೆಯ ತುದಿ ಇದ್ದಲ್ಲೇ ಇರುತ್ತೆ. ಆಗ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಆ ರೋಲ್ ಸೆಂಟರ್, ಗುರುತ್ವ ಕೇಂದ್ರಕ್ಕಿಂತಲೂ ಜಾಸ್ತಿ ಕೆಳಗೆ ಹೋಗುತ್ತೆ. ಇವೆರಡರ ನಡುವಿನ ಅಂತರವೇ ಗಾಡಿಯನ್ನು ವಾಲಿಸೋ ಸನ್ನೆಗೋಲು. ಅದು ಈಗ ಉದ್ದವಾಯ್ತು. ದುಡ್ಡು ಕೊಟ್ಟು ತಂದ ಬಿರುಸಿನಲ್ಲಿ ಒಂದು ಪಾಲು, ನಾವೇ ತಂದುಕೊಂಡ ವಾಲಾಟ ತಡೆಯೋಕೇ ಖರ್ಚು.

ಇನ್ನು ಶಾಕ್ಸಿನ ವಿಷಯ. ಸ್ಪ್ರಿಂಗಿನ ಕೆಲಸ ಭಾರ ಹೊರೋದು, ಶಾಕ್ಸಿನ ಕೆಲಸ ಸ್ಪ್ರಿಂಗಿನ ಕುಣಿತ ಅಡಗಿಸೋದು. ಸ್ಪ್ರಿಂಗು ಶೇಕಡಾ 30ರಷ್ಟು ಬಿರುಸಾದರೆ ಶಾಕ್ಸಿನ ಹಿಡಿತ ಸುಮಾರು ಶೇಕಡಾ 14ರಷ್ಟು ಹೆಚ್ಚಬೇಕು. ವರ್ಗಮೂಲದ ಲೆಕ್ಕ ಇದು. ಬಿಲ್‌ಸ್ಟೀನ್‌ನವರು ಗಿಡ್ಡ ಸ್ಪ್ರಿಂಗಿಗೆ ಅಂತಲೇ ಬಿ8 ಹೆಸರಿನ ಕುಗ್ಗಿಸಿದ ಶಾಕ್ಸ್ ಮಾಡೋದು ಸುಮ್ಮನೆ ಅಲ್ಲ. ಜರ್ಮನಿಯಲ್ಲಿ ಇಂಥ ಸ್ಪ್ರಿಂಗಿನ ಜೊತೆ ಒಂದು ಕಾಗದ ಬರುತ್ತೆ. ಯಾವ ಕಾರಿಗೆ, ಆಕ್ಸಲ್ ಮೇಲೆ ಎಷ್ಟು ಭಾರದವರೆಗೆ ಅನ್ನೋದು ಅದರಲ್ಲಿರುತ್ತೆ. ಹಾಕಿಸಿದ ಮೇಲೆ ತಪಾಸಣೆಯವರಿಗೆ ತೋರಿಸಿ ಒಪ್ಪಿಗೆ ಪಡೀಬೇಕು. ನಮ್ಮಲ್ಲಿ ಬಹಳ ಸಲ ಹಳೇ ಶಾಕ್ಸೇ ಉಳಿಯುತ್ತೆ, ಕಾಗದದ ಜಾಗದಲ್ಲಿ "ಅಡ್ಜಸ್ಟ್ ಆಗುತ್ತೆ ಸಾರ್" ಅನ್ನೋ ಮಾತು ಸಿಗುತ್ತೆ. ಇದಕ್ಕಿಂತ ಕೆಟ್ಟದ್ದು ಕಂಪನಿ ಸ್ಪ್ರಿಂಗನ್ನೇ ಕಟಿಂಗ್ ಮಷಿನ್ನಲ್ಲಿ ಒಂದು ಸುತ್ತು ಕತ್ತರಿಸೋದು. ಕತ್ತರಿಸಿದ ತುದಿ ತನ್ನ ಕೂರುವ ಜಾಗದಲ್ಲಿ ಸರಿಯಾಗಿ ಕೂರಲ್ಲ. ಗುಂಡಿಯಲ್ಲಿ ಚಕ್ರ ಪೂರ್ತಿ ಜೋತಾಗ ಸ್ಪ್ರಿಂಗು ಸಡಿಲಾಗಿ ಕಳಚಲೂಬಹುದು. ಅದನ್ನ ಶೋಕಿ ಅನ್ನೋಕೂ ನನಗೆ ಮನಸ್ಸಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು. ಚಕ್ರ ಮೇಲಕ್ಕೆ ಚಲಿಸೋಕೆ ಇರೋ ಜಾಗ 80 ಮಿ.ಮೀ. ಇದ್ದದ್ದು, 35 ಇಳಿಸಿದರೆ 45 ಆಯ್ತು. ಹಿಂದೆ ಮೂರು ಜನ ಕೂತು, ಡಿಕ್ಕಿಗೆ ಅಕ್ಕಿ ಮೂಟೆ ಬಿದ್ದ ಮೇಲೆ ಉಳಿಯೋದೆಷ್ಟು? ಮುಂದಿನ ಗುಂಡಿಗೆ ಬಂಪ್ ಸ್ಟಾಪ್ ರಬ್ಬರಿಗೆ ಧಡ್ ಅಂತ ಹೊಡೆಯುತ್ತೆ. ಅದೇ ತಿರುವಿನಲ್ಲಿ ಆದರೆ, ಬಿರುಸು ಒಮ್ಮೆಲೇ ಏರಿ ಟಯರಿನ ಹಿಡಿತವೇ ತಪ್ಪಬಹುದು. ಹ್ಯಾಂಡ್ಲಿಂಗ್ ಎಲ್ಲಿ ಹೋಯ್ತು ಹೇಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇದ್ದು ನಿಧಾನಕ್ಕೆ ಏರಿ ಇಳಿಯಬೇಕು. ನಮ್ಮ ಊರುಗಳ ಹಂಪುಗಳು ಆ ಪುಸ್ತಕ ಓದಿಲ್ಲ.

ಈ ಏಟು ಬೀಳೋದು ಯಾರಿಗೆ? ಓಡಿಸೋನು ಎರಡು ಆಕ್ಸಲ್‌ಗಳ ನಡುವೆ ಕೂತಿರ್ತಾನೆ, ಕೈಯಲ್ಲಿ ಸ್ಟೀರಿಂಗ್ ಇರುತ್ತೆ, ಗುಂಡಿ ಬರೋದು ಮೊದಲೇ ಕಾಣುತ್ತೆ. ಹಿಂದೆ ಕೂತ ಅಮ್ಮ ಹಿಂದಿನ ಆಕ್ಸಲ್‌ಗೆ ಹತ್ತಿರ ಇರ್ತಾಳೆ, ಅವಳಿಗೆ ಯಾವ ಮುನ್ಸೂಚನೆಯೂ ಇರಲ್ಲ. ಹೊಗಳಿಕೆ ಬರೆಯೋರೆಲ್ಲ ಮುಂದಿನ ಸೀಟಿನವರು. ಹಿಂದಿನ ಸೀಟಿನ ತೀರ್ಪು ಯಾರೂ ಕೇಳಿಲ್ಲ. ಎತ್ತಿನಗಾಡಿ ಮಾಡ್ತಿದ್ದ ನಮ್ಮೂರ ಆಚಾರಿ ಮರಕ್ಕೆ ಉಳಿ ಇಡೋ ಮುಂಚೆ "ಎಂಥಾ ದಾರೀಲಿ ಹೊಡೀತೀರಾ, ಎಷ್ಟು ಹೇರ್ತೀರಾ" ಅಂತ ಕೇಳೋನು. ಸಸ್ಪೆನ್ಷನ್ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಇವತ್ತಿಗೂ ಇವೆರಡೇ.

ಇಳಿಸಲೇಬೇಡಿ ಅಂತ ನಾನು ಹೇಳಲ್ಲ. ರೇಸ್ ಟ್ರ್ಯಾಕಿಗೆ ಹೋಗೋ ಗಾಡಿಯ ಕತೆಯೇ ಬೇರೆ. ಊರಲ್ಲಿ ಓಡೋದಾದ್ರೆ 15-20 ಮಿ.ಮೀ. ಸಾಕು, ಸ್ಪ್ರಿಂಗು ಶಾಕ್ಸು ಒಂದಕ್ಕೊಂದು ಹೊಂದುವ ಜೋಡಿಯಾಗಿರಲಿ, ಆಮೇಲೆ ಅಲೈನ್‌ಮೆಂಟು, ಹೆಡ್‌ಲೈಟಿನ ದಿಕ್ಕು ಎರಡನ್ನೂ ಸರಿ ಮಾಡಿಸಿ. ಆದರೆ ಬಿಲ್ ಕಟ್ಟೋ ಮುಂಚೆ, ಅದೇ ಕಿಟ್ ಹಾಕಿಸಿಕೊಂಡ ಗೆಳೆಯನ ಕಾರಿನಲ್ಲಿ ಹಿಂದಿನ ಸೀಟಲ್ಲಿ ಕೂತು ಹೊಸಕೋಟೆವರೆಗಾದರೂ ಹೋಗಿ ಬನ್ನಿ. ಫೋಟೋದಲ್ಲಿ ಕಾಣದ್ದನ್ನೆಲ್ಲ ಸೊಂಟ ಹೇಳುತ್ತೆ.