ಸಾಲಿಗ್ರಾಮ ಯಾರ ಕೈಗೆ?

ಅನಂತಮೂರ್ತಿಯವರ ‘ಭಾರತೀಪುರ’ (1973) ಕಾದಂಬರಿಯನ್ನು ನಾನು ಮೊದಲು ಓದಿದ್ದು ಎಂ.ಟೆಕ್ ಮಾಡುವಾಗ, ಹಾಸ್ಟೆಲಿನಲ್ಲಿ. ಆಗ ಅದರ ಜಗನ್ನಾಥನೇ ನನ್ನ ಹೀರೋ. ಇಂಗ್ಲೆಂಡಿನಿಂದ ಮರಳಿದ ಜಮೀನ್ದಾರ, ಮಂಜುನಾಥಸ್ವಾಮಿಯ ಹೆಸರಲ್ಲೇ ಹೊಟ್ಟೆ ಹೊರೆಯುವ ಊರು, ದಲಿತರನ್ನು ಗುಡಿಯೊಳಗೆ ಕರೆದೊಯ್ದು ಆ ದೇವರ ಹಿಡಿತವನ್ನೇ ಸಡಿಲಿಸುತ್ತೇನೆಂಬ ಅವನ ಹಟ. ನಾನೂ ಹೊಸದಾಗಿ ನಾಸ್ತಿಕನಾಗಿದ್ದೆ. ರಜೆಗೆ ಊರಿಗೆ ಹೋದಾಗ ದೇವರ ಗೂಡಿನ ಮುಂದೆ ನಿಂತು ಅಮ್ಮನನ್ನು ‘ಪುರಾವೆ ಏನಿದೆ, ತೋರಿಸು’ ಎಂದು ಕೆಣಕುತ್ತಿದ್ದೆ. ಅವಳು ಮಾತಾಡದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಗೆದ್ದೆ ಅಂದುಕೊಳ್ಳುತ್ತಿದ್ದೆ.

ಮೊನ್ನೆ ಪುಣೆಯಲ್ಲಿ ಅದೇ ಪುಸ್ತಕವನ್ನು ಮತ್ತೆ ಓದಿದೆ. ಈ ಸಲ ಸಾಲಿಗ್ರಾಮದ ಪ್ರಸಂಗದಲ್ಲಿ ನಿಂತುಬಿಟ್ಟೆ. ಜಗನ್ನಾಥ ದೇವರ ಕೋಣೆಯಿಂದ ಸಾಲಿಗ್ರಾಮ ಎತ್ತಿಕೊಂಡು ಅಂಗಳಕ್ಕೆ ಬಂದು, ಅಲ್ಲಿ ನಿಂತ ದಲಿತ ಯುವಕರ ಮುಂದೆ ಹಿಡಿಯುತ್ತಾನೆ. ಮುಟ್ಟಿದರೆ ಅದು ಬರೀ ಕಲ್ಲೆಂದು ಗೊತ್ತಾಗುತ್ತದೆ, ಅವರೂ ಬಿಡುಗಡೆಯಾಗುತ್ತಾರೆ ಎಂಬುದು ಅವನ ಲೆಕ್ಕ. ಅವರು ಮುಟ್ಟುವುದಿಲ್ಲ, ನಡುಗುತ್ತಾರೆ. ಇವನಿಗೆ ಸಿಟ್ಟು ನೆತ್ತಿಗೇರುತ್ತದೆ, ಅಬ್ಬರಿಸುತ್ತಾನೆ. ಕೊನೆಗೆ ಅವರು ಮುಟ್ಟುವುದು ಧಣಿಯ ಹೆದರಿಕೆಗೆ. ಮಡಿಯಲ್ಲಿ ಮುಳುಗಿದ ಚಿಕ್ಕಿಗೂ ಆ ಹುಡುಗರ ಬಗ್ಗೆ ಇದ್ದಷ್ಟು ಮರುಕ ಆ ಗಳಿಗೆಯಲ್ಲಿ ಈ ವಿಚಾರವಾದಿಗೆ ಇರುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಇದನ್ನು ನಾನು ಹೇಗೆ ಓದಿ ದಾಟಿದ್ದೆನೋ!

ನಾಸ್ತಿಕ-ಆಸ್ತಿಕರ ಜಗಳ ಟಿವಿಯಲ್ಲಾಗಲಿ ಸಭೆಯಲ್ಲಾಗಲಿ ‘ದೇವರಿದ್ದಾನೆಯೇ’ ಎಂಬಲ್ಲಿಯೇ ಸುತ್ತುತ್ತದೆ. ನನಗೆ ಈಗ ಮುಖ್ಯವೆನಿಸುವುದು, ಪ್ರಶ್ನೆಯನ್ನು ಯಾರಿಗೆ ಕೇಳುತ್ತಿದ್ದೇವೆ ಎಂಬುದು. ನಮ್ಮ ರಿವ್ಯೂ ಮೀಟಿಂಗುಗಳಲ್ಲೂ ನೋಡಿದ್ದೇನೆ. ಕಠಿಣ ಪ್ರಶ್ನೆಗಳೆಲ್ಲ ಹೊಸದಾಗಿ ಸೇರಿದ ಟೆಸ್ಟರ್‌ ಹುಡುಗಿಗೆ, ಕ್ಲೈಂಟಿಗೆ ಒಂದೂ ಇಲ್ಲ.

ಎಚ್. ನರಸಿಂಹಯ್ಯನವರು ಹಾಗೆ ಮಾಡಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿ, ಸತ್ಯಸಾಯಿಬಾಬಾ ಅವರಿಗೇ ಪತ್ರ ಬರೆದರು. ಉತ್ತರ ಬರಲಿಲ್ಲ. ಬೂದಿ, ಉಂಗುರ ಬೇಡ, ತೋಳಿನಲ್ಲಿ ಅಡಗದ ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲು ಇವತ್ತಿಗೂ ಜನರ ಬಾಯಲ್ಲಿದೆ. ಅವರು ಕೇಳಿದ್ದು ಬಾಬಾರನ್ನು, ಅವರ ಪಟಕ್ಕೆ ಕೈಮುಗಿಯುವ ಅಜ್ಜಿಯನ್ನಲ್ಲ.

ನಾನಿರುವ ಊರಿನ ನರೇಂದ್ರ ದಾಭೋಲ್ಕರ್ ಕೂಡ ತನ್ನ ಜಗಳ ದೇವರೊಂದಿಗಲ್ಲ, ದೇವರ ಹೆಸರಿನ ಸುಲಿಗೆಯೊಂದಿಗೆ ಎಂದೇ ಹೇಳುತ್ತ ಬಂದವರು. 2013ರ ಆಗಸ್ಟ್ 20ರ ಬೆಳಿಗ್ಗೆ ಅವರನ್ನು ಗುಂಡಿಟ್ಟು ಕೊಂದದ್ದು ಓಂಕಾರೇಶ್ವರ ಗುಡಿಯ ಹತ್ತಿರದ ಸೇತುವೆಯ ಮೇಲೆ. ಆ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರು. ಶಿಂದೆ ನಮ್ಮ ಜಮಖಂಡಿಯವರು, ಪ್ರಾರ್ಥನಾ ಸಮಾಜದ ಆಸ್ತಿಕರು, 1906ರಲ್ಲೇ ಅಸ್ಪೃಶ್ಯರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು. ವಾರಕ್ಕೆರಡು ಸಲ ಆ ಸೇತುವೆ ದಾಟುವ ನನಗೆ ಇದು ತಿಳಿದದ್ದು ತೀರಾ ತಡವಾಗಿ. ನಂಬುವವರು, ನಂಬದವರು ಎಂದು ಎರಡು ಪಂಗಡ ಮಾಡಿದರೆ ಶಿಂದೆಯವರನ್ನು ದಾಭೋಲ್ಕರ್ ಎದುರಿಗೆ ನಿಲ್ಲಿಸಬೇಕಾಗುತ್ತದೆ. ಅದು ಹಾಸ್ಯಾಸ್ಪದ.

ಇಷ್ಟು ಹೇಳಿದ ಮೇಲೆ ಕಾದಂಬರಿಯ ಮೇಲೂ ನನ್ನ ತಕರಾರಿದೆ. ಜಗನ್ನಾಥನ ತಪ್ಪನ್ನು ಅನಂತಮೂರ್ತಿ ನಿರ್ದಾಕ್ಷಿಣ್ಯವಾಗಿ ತೋರಿಸುತ್ತಾರೆ, ನಿಜ. ಆದರೆ ಸಾಲಿಗ್ರಾಮದ ಎದುರು ನಡುಗಿದ ಆ ಹುಡುಗರು ರಾತ್ರಿ ಮನೆಗೆ ಹೋಗಿ ಏನು ಮಾತಾಡಿಕೊಂಡರು? ಅವರ ಸ್ವಂತ ದೈವಗಳು ಯಾವುವು, ಮಂಜುನಾಥನ ಬಗ್ಗೆ ಅವರಿಗೆ ನಿಜವಾಗಿ ಏನನ್ನಿಸುತ್ತಿತ್ತು? ಕಾದಂಬರಿ ಅದರೊಳಕ್ಕೆ ಹೋಗುವುದೇ ಇಲ್ಲ. ಜಗನ್ನಾಥನ ತಳಮಳಕ್ಕೆ ಪುಟಗಟ್ಟಲೆ ಜಾಗ, ಅವರಿಗೆ ನಿಲ್ಲಲು ಅಂಗಳ ಮಾತ್ರ. ಧಣಿ ಕೇಳದ್ದನ್ನು ಕಾದಂಬರಿಕಾರರೂ ಕೇಳಲಿಲ್ಲ.

ಅಮ್ಮ ಈಗ ನಮ್ಮೊಂದಿಗೇ ಇದ್ದಾಳೆ, ಗೂಡನ್ನೂ ತಂದಿದ್ದಾಳೆ. ಪುಸ್ತಕ ಮುಗಿಸಿದ ಸಂಜೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಪುರಾವೆಯ ಮಾತೆತ್ತದೆ ‘ದೀಪ ಯಾಕೆ ಹಚ್ತೀಯಮ್ಮ?’ ಎಂದು ಕೇಳಿದೆ. ‘ಈ ಹನ್ನೊಂದನೇ ಮಹಡಿಯಲ್ಲಿ ಸಂಜೆ ಆಯ್ತು ಅಂತ ಗೊತ್ತಾಗೋದಾದ್ರೂ ಹೇಗೋ? ನೀನು ಬರೋದು ರಾತ್ರಿ ಹತ್ತಕ್ಕೆ’ ಎಂದಳು. ಆಮೇಲೆ ಎಣ್ಣೆ ತೀರಿದೆ, ನಾಳೆ ತಾ ಎಂದಳು.