ಪಾದ ಮುಗಿಸಿ ಏಳಿ

ಅಷ್ಟಾವಧಾನಕ್ಕೆ ಹೋದರೆ ನಾನು ನಡುವಿನ ಸಾಲು ಬಿಟ್ಟು ಗೋಡೆ ಬದಿಯ ಕುರ್ಚಿ ಹಿಡಿಯುತ್ತೇನೆ. ಪದ್ಯ ಕೇಳಲು ಎಲ್ಲಿ ಕೂತರೂ ನಡೆಯುತ್ತದೆ. ಅವಧಾನಿಗಳು ಒಬ್ಬ ಪೃಚ್ಛಕರಿಂದ ಇನ್ನೊಬ್ಬರತ್ತ ಹೊರಳುವ ಆ ಒಂದು ಕ್ಷಣ ಮಾತ್ರ ಓರೆಯಿಂದಲೇ ಚೆನ್ನಾಗಿ ಕಾಣುವುದು.

ಹೊಸಬರಿಗೆ ಇಷ್ಟು ಹೇಳಿಬಿಡುತ್ತೇನೆ. ವೇದಿಕೆಯಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಒಡ್ಡುವವರು. ಸಮಸ್ಯೆಯವರು ಅಸಂಬದ್ಧವೆನಿಸುವ ಕೊನೆಯ ಸಾಲು ಕೊಟ್ಟು, ಉಳಿದ ಮೂರು ಕಟ್ಟಿ ಅರ್ಥ ಬರಿಸಿ ಎನ್ನುತ್ತಾರೆ. ದತ್ತಪದಿಯವರು ನಾಲ್ಕು ಪದ ಕೊಟ್ಟು ಪಾದಕ್ಕೊಂದರಂತೆ ಕೂರಿಸಲು ಹೇಳುತ್ತಾರೆ. ನಿಷೇಧಾಕ್ಷರಿಯವರದು ಅಡ್ಡಗಾಲು: ಅವಧಾನಿ ‘ರಾ’ ಎಂದರೆ ಸಾಕು, ‘ಮ’ ಬೇಡ ಎನ್ನುತ್ತಾರೆ, ‘ಜ’ ಎಂದು ಬೇರೆ ದಾರಿ ಹಿಡಿಯಬೇಕು. ಜೊತೆಗೆ ಆಶುಕವಿತೆ, ಚಿತ್ರಕವಿತೆ, ಕಾವ್ಯವಾಚನ, ಸಂಖ್ಯಾಬಂಧ. ಎಂಟನೆಯವರು ಅಪ್ರಸ್ತುತ ಪ್ರಸಂಗಿ. ಸುಮ್ಮನೆ ಬಾಯಿ ಹಾಕುವುದೇ ಅವರ ಕೆಲಸ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ. ಸುತ್ತಿಗೊಂದು ಪಾದದಂತೆ ನಾಲ್ಕು ಸುತ್ತು. ಕೊನೆಗೆ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸುವ ಧಾರಣ. ಸಾವಿರಕ್ಕೂ ಹೆಚ್ಚು ಅವಧಾನ ಮಾಡಿರುವ ಶತಾವಧಾನಿ ಆರ್. ಗಣೇಶ್, 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ಎಂಟಲ್ಲ, ನೂರು!

ಸಂಖ್ಯಾಬಂಧ ನೋಡಿ. ಐದೈದರಂತೆ 25 ಮನೆ. ಅಡ್ಡ, ಉದ್ದ ಹೇಗೆ ಕೂಡಿದರೂ ಒಂದೇ ಮೊತ್ತ. ಮೊತ್ತ 115 ಎಂದಿಟ್ಟುಕೊಳ್ಳಿ. ಮೊದಲ ಸಾಲು 27, 34, 11, 18, 25 ಆಗಬಹುದು. ಎರಡನೆಯದು 33, 15, 17, 24, 26. ಆದರೆ ಸಾಲಾಗಿ ಕೇಳುವವರು ಯಾರು? ದತ್ತಪದಿಯ ಪಾದ ಇನ್ನೂ ಕುದಿಯುತ್ತಿರುವಾಗ ‘ಎರಡನೇ ಸಾಲು, ನಾಲ್ಕನೇ ಮನೆ?’ ಎಂಬ ಪ್ರಶ್ನೆ ಎಗರಿ ಬೀಳುತ್ತದೆ. ‘24’ ಎಂದು ಹೇಳಿ, ಮತ್ತೆ ಪಾದಕ್ಕೆ.

ಬಹಳ ಕಾಲ ನಾನು ಇದನ್ನು ಎಂಟು ಕೆಲಸ ಒಟ್ಟಿಗೆ ಮಾಡುವ ಚಮತ್ಕಾರ ಎಂದುಕೊಂಡಿದ್ದೆ. ಗೋಡೆ ಬದಿಯ ಕುರ್ಚಿ ಆ ಭ್ರಮೆ ಬಿಡಿಸಿತು. ಒಟ್ಟಿಗೆ ಏನೂ ನಡೆಯುವುದಿಲ್ಲ. ಒಂದು ಹೊತ್ತಿಗೆ ಒಬ್ಬರೇ ಪೃಚ್ಛಕರು, ಒಂದೇ ಪಾದ. ಪಾದ ಮುಗಿದ ಮೇಲೆ ಅದರ ಗೊಡವೆಯಿಲ್ಲ. ಛಂದಸ್ಸು ಅದನ್ನು ಕಟ್ಟಿಟ್ಟಿರುತ್ತದೆ, ಹೊತ್ತು ತಿರುಗಬೇಕಾಗಿಲ್ಲ.

ನನಗೂ ನಾಲ್ವರು ಪೃಚ್ಛಕರಿದ್ದಾರೆ: ಕಚೇರಿ, ಮನೆ, ಸಕ್ಕರೆ ಕಾಯಿಲೆಯ ಮೈ, ಮತ್ತು ಅವಧಾನದ ಟಿಪ್ಪಣಿಗಳಿಗೆಂದು ನಾನೇ ಕಟ್ಟಿಕೊಂಡಿರುವ ಪುಟ್ಟ ವೆಬ್‌ಸೈಟ್. ಕಳೆದ ತಿಂಗಳು ಒಲೆಯ ಮೇಲೆ ಹಾಲಿಟ್ಟು ಕಚೇರಿಯ ಮೇಲ್‌ಗೆ ಉತ್ತರ ಬರೆಯಲು ಕೂತೆ. ಅರ್ಧಕ್ಕೆ ಬಿಟ್ಟು ವೆಬ್‌ಸೈಟಿನಲ್ಲಿ ಒಂದು ಕಾಗುಣಿತ ತಿದ್ದಲು ಹೋದೆ. ಹಾಲು ಉಕ್ಕಿ ಒಲೆಯೆಲ್ಲ ಸೀದುಹೋಯಿತು. ಮೇಲ್ ಹೋಗಲೇ ಇಲ್ಲ. ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೂ ಮರೆತಿತ್ತು. ಕಾಗುಣಿತವೊಂದು ಮಾತ್ರ ಸರಿಯಾಗಿತ್ತು, ಪುಣ್ಯಕ್ಕೆ. ನಾಲ್ಕೂ ಕಡೆ ಓಡಾಡಿದ್ದೆ. ಅದೊಂದನ್ನು ಬಿಟ್ಟು ಎಲ್ಲಿಯೂ ಪಾದ ಮುಗಿಸಿರಲಿಲ್ಲ.

ಅರ್ಧಕ್ಕೆ ಬಿಟ್ಟ ಕೆಲಸದ ಚೂರು ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರ ಪ್ರಬಂಧದಲ್ಲಿ ತೋರಿಸಿದ್ದರು. ಏಳುವ ಮುನ್ನ ಎಲ್ಲಿ ನಿಲ್ಲಿಸಿದೆ, ಮರಳಿ ಬಂದಾಗ ಏನು ಮಾಡಬೇಕು ಎಂದು ಬರೆದಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ ಎಂಬುದು ಅವರ ಮುಂದಿನ ಕೆಲಸದಿಂದ ತಿಳಿಯಿತು. ನಾವು ಛಂದಸ್ಸಿಲ್ಲದವರು, ನಮಗೆ ಒಂದು ಸಾಲಿನ ಚೀಟಿಯೇ ಛಂದಸ್ಸು. ಈಗ ವೆಬ್‌ಸೈಟಿನ ಪುಟ ಮುಚ್ಚುವ ಮುನ್ನ ಬರೆದಿಡುತ್ತೇನೆ: ‘ಎರಡನೇ ಪ್ಯಾರಾ ಆಯಿತು, ನಾಳೆ ಉದಾಹರಣೆ.’ ಬೆಳಗಿನ ನಡಿಗೆಯಲ್ಲಿ ಆ ಪುಟ ಕಾಡುವುದಿಲ್ಲ.

ಅಪ್ರಸ್ತುತ ಪ್ರಸಂಗಿಯನ್ನು ಮರೆತಿಲ್ಲ. ಅವರನ್ನು ಮರೆಯಲು ಅವರು ಬಿಡುವುದೂ ಇಲ್ಲ. ಅವರ ಮೇಲೆ ಸಿಡುಕುವ ಅವಧಾನಿಯನ್ನು ನಾನು ಕಂಡಿಲ್ಲ. ಒಂದು ಚಟಾಕಿ, ಸಭೆಯ ನಗು, ಅಲ್ಲಿಗೆ ಮುಗಿಯಿತು. ಅವರಿಗೆ ಪದ್ಯದ ಸಾಲವಿಲ್ಲ. ಧಾರಣದ ಹೊತ್ತಿಗೆ ಅವರ ಪಾಲಿಗೆ ಒಪ್ಪಿಸಬೇಕಾದ್ದೇನೂ ಇರುವುದಿಲ್ಲ. ಫೋನ್ ಗುಂಯ್‌ಗುಟ್ಟಿದಾಗಲೆಲ್ಲ ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ: ಇದಕ್ಕೆ ನಾನು ಪಾದ ಬಾಕಿ ಉಳಿಸಿಕೊಂಡಿದ್ದೇನೆಯೇ?

ರಾತ್ರಿ ದೀಪ ಆರಿಸಿದ ಮೇಲೆ ನನ್ನದೂ ಒಂದು ಸಣ್ಣ ಧಾರಣ ನಡೆಯುತ್ತದೆ. ಫೋನ್ ಮುಟ್ಟದೆ ನಾಲ್ಕೂ ಕೆಲಸ ಎಲ್ಲಿ ನಿಂತಿವೆ ಎಂದು ಹೇಳಿಕೊಳ್ಳಬೇಕು. ನಿನ್ನೆ ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ತಡವರಿಸಿ, ಎದ್ದು ಅಡುಗೆಮನೆಗೆ ಹೋಗಿ ಮಾತ್ರೆಯ ಪಟ್ಟಿ ನೋಡಿ ಬಂದೆ.